ಜೀಪಿನ ಕಟಕ್-ಛಿಣ್

ಭಾನುವಾರ ಬೆಳಿಗ್ಗೆ ಚಹಾದ ಕಪ್ಪನ್ನು ಗಂಡನ ಮುಂದಿಡುತ್ತ ಸುಮಂಗಲಾ, ಜೀಪಿನ ಆಯುಷ್ಯ ಸಂಜೆ ಐದರವರೆಗೆ ಮಾತ್ರ ಎಂದು ತಿಳಿಸಿದಳು.

"ಐದಕ್ಕ ಮಲ್ಕಾಜ್‌ಗಿರಿಗೆ ಹೋಗಿ ತಂಗಿ ಮನಿಯಿಂದ ಅವ್ವನ್ನ ಕರ್ಕೊಂಡು ಬರ್ರಿ. ಏಳು ತಿಂಗಳಾದ ಮ್ಯಾಲೆ ನಮ್ಮ ಮನಿಗೆ ಬರಾಕ ಒಪ್ಯಾಳ, ಅದೂ ಎರಡೇ ದಿನ. ದಾರ್ಯಾಗ ಆ ಡಬ್ಬಾ ಒಮ್ಮೆ ಕಟಕ್-ಛಿಣ್ ಅಂದ್ರೂ ನಾಳೆ ಮುಂಜಾನೆ ಗುಜರಿಯವ ಬರ್ತಾನ. ಹೇಳಿಟ್ಟೀನಿ."

"ಅದು ಡಬ್ಬಾ ಅಲ್ಲ, ಮಿಲಿಟರಿ ಗಾಡಿ," ಎಂದರು ಭೀಮಾಶಂಕರ, ಚಹಾಕ್ಕೆ ಹೇಳುವಂತೆ.

"ಮತ್ತ ಒಂದು ಮಾತು. ಹ್ವಾದ ಸಲ ಅಡಕಿ ಕತ್ತರಸೋ ಅವ್ವನ ಅಡಕೊತ್ತ ಕಳದಾಗ ಆಕಿಗೆ ಅರಳುಮರಳು ಅಂತ ಕಾಲೊನಿ ತುಂಬ ಹೇಳಿದ್ರಲ್ಲ, ಈ ಸಲ ಬಾಯಿ ಮುಚ್ಚಿಕೊಂಡು ಇರ್ರಿ."

ಮಾದಾಪುರದ ಕಡೆ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿಯ ಗಾಜಿನ ಕಟ್ಟಡ ಏಳುತ್ತಿದ್ದ ಕಾಲವದು. ನಿನ್ನೆ ಮೊನ್ನೆ ಕಾಲೇಜು ಮುಗಿಸಿದವರೆಲ್ಲ ಬೆಳ್ಳಗಿನ ಪುಟ್ಟ ಕಾರುಗಳಲ್ಲಿ ಭೀಮಾಶಂಕರರಿದ್ದ ಕುಷಾಯಿಗೂಡದ ಓಣಿಗಳನ್ನು ತುಂಬಿದ್ದರು. ಮಹಡಿಯ ಬಾಡಿಗೆದಾರ, ಸಾಫ್ಟ್‌ವೇರಿನ ಸೂರಜ್ ಕೂಡ ಒಂದನ್ನು ತಂದು ನಿಲ್ಲಿಸಿದ. ಇಪ್ಪತ್ತಾರು ವರ್ಷ ಸರಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಸವೆದಿದ್ದ ಭೀಮಾಶಂಕರರಿಗೆ ಇದನ್ನು ನೋಡಿ ನಿದ್ದೆ ಹತ್ತಲಿಲ್ಲ. ಹರಾಜಿನಲ್ಲಿ ಮಿಲಿಟರಿಯ ಹಳೆಯ ಜೀಪು ಹಿಡಿದರು. ಬೆಟ್ಟ ಹತ್ತುವ ಗಾಡಿ ಎಂದು ಎಲ್ಲರಿಗೂ ಹೇಳಿದರು. ಏಳು ತಿಂಗಳಲ್ಲಿ ಅದು ಹತ್ತಿದ್ದು ಮನೆ ಮುಂದಿನ ರಸ್ತೆ ಉಬ್ಬನ್ನು ಮಾತ್ರ, ಹತ್ತುವಾಗ ಕಟಕ್-ಛಿಣ್ ಎನ್ನುತ್ತಿತ್ತು.

ಪ್ರತಿ ಸಲ ಅಂದಿದ್ದರೆ ಒಂದು ಮಾತು. ಗಂಡ ಹೆಂಡತಿ ಇಬ್ಬರೇ ಇದ್ದಾಗ ಅನ್ನುತ್ತಿತ್ತು, ಮೆಕ್ಯಾನಿಕ್ ಹಿಂದೆ ಕೂತು ಕಿವಿಗೊಟ್ಟರೆ ಗಪ್‌ಚಿಪ್. ಮೂವರು ಮೆಕ್ಯಾನಿಕ್‌ಗಳು ಭೀಮಾಶಂಕರರನ್ನು ವಿಚಿತ್ರವಾಗಿ ನೋಡಿ ಕಳಿಸಿದ್ದರು.

ಆದರೆ ಆ ಕಾಲೊನಿಯಲ್ಲಿ ತಜ್ಞರಿಗೆ ಬರಗಾಲವಿರಲಿಲ್ಲ. ಎದುರು ಮನೆಯ ಮೌನಪ್ಪ ರೈಲ್ವೆಯಲ್ಲಿ ಮೂವತ್ತು ವರ್ಷ ಉದ್ದನೆಯ ಸುತ್ತಿಗೆಯಿಂದ ಗಾಲಿಗಳನ್ನು ಬಡಿದು ಸದ್ದು ಕೇಳಿದವರು. ನಿವೃತ್ತಿಯ ದಿನ ಹಾರ, ಶಾಲಿನ ಜೊತೆ ಆ ಸುತ್ತಿಗೆಯೂ ಮನೆಗೆ ಬಂದಿತ್ತು. ಪಕ್ಕದ ಮನೆಯ ವಾಸುದೇವ ಬಾಲಾನಗರದಲ್ಲಿ ವಿಮಾನದ ಉಪಕರಣ ಮಾಡುವ ಕಾರ್ಖಾನೆಯವರು. ನೆಲದ ಮೇಲೆ ಓಡುವ ಯಾವುದರ ಬಗ್ಗೆಯೂ ಅವರಿಗೆ ಗೌರವವಿರಲಿಲ್ಲ. ಎಂಟು ಗಂಟೆಗೆಲ್ಲ ಇಬ್ಬರೂ ಜೀಪಿನ ಮುಂದೆ ನಿಂತಿದ್ದರು.

"ಮೊದಲ ಒಂದು ಕಮಿಟಿ ಆಗಬೇಕು," ಎಂದರು ಮೌನಪ್ಪ.

ಮೌನಪ್ಪನವರೇ ಅಧ್ಯಕ್ಷರು ಎಂದು ತೀರ್ಮಾನವಾಗುವಷ್ಟರಲ್ಲಿ ಒಂಬತ್ತೂವರೆ. ಸದ್ದಿನ ವಿಷಯ ಅನಂತರ ಬಂತು. ಮೌನಪ್ಪ ನಾಲ್ಕೂ ಗಾಲಿಗೆ ಸುತ್ತಿಗೆ ಬಡಿದು, "ಕಟಕ್ ಅನ್ನೂದು ಬೇರಿಂಗ್, ಛಿಣ್ ಅನ್ನೂದು ಸ್ಪ್ರಿಂಗಿನ ಪಾಟಾ," ಎಂದು ಬರೆಸಿದರು. ಪೂರ್ತಿ ಖಾತ್ರಿಗಾಗಿ ಇನ್ನೊಮ್ಮೆ ಬಡಿದಾಗ ಎಡಗಡೆಯ ದೀಪದ ಗಾಜು ಉದುರಿತು. ಸುತ್ತಿಗೆ ದೀಪದ ಹತ್ತಿರವೂ ಹೋಗಿರಲಿಲ್ಲವಾದ್ದರಿಂದ ಅದನ್ನು ಹಳೆಯ ದೋಷವೆಂದು ಬರೆದುಕೊಳ್ಳಲಾಯಿತು.

ವಾಸುದೇವ ಡಾಕ್ಟರರ ಸ್ಟೆತಸ್ಕೋಪು ತಂದಿದ್ದರು. ಗಾಡಿ ಓಡುತ್ತಿರುವಾಗಲೇ ಕೇಳಬೇಕೆಂದು ಮೌನಪ್ಪನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾವು ಬಾನೆಟ್ಟಿನ ಮೇಲೆ ಬೋರಲು ಮಲಗಿ, ಕಾಲೊನಿಯನ್ನು ಎರಡು ಸುತ್ತು ಬಂದರು. ಯುಗಾದಿ ಮುಗಿದ ಮೇಲಿನ ಬಿಸಿಲು, ಬಾನೆಟ್ಟಿನ ಕೆಳಗೆ ಎಂಜಿನ್ನು. ಅವರ ಹೊಟ್ಟೆ ರೊಟ್ಟಿಯಂತೆ ಬೆಂದಿತು. ಮೂರು ನಾಯಿಗಳು ಹಿಂದೆ ಬಿದ್ದವು. ಕಿರಾಣಿ ಅಂಗಡಿಯವನು ಹೊರಗೆ ಬಂದು, "ಕ್ಯಾ ಹುವಾ ಸಾಬ್, ದವಾಖಾನೆ ಲೇಕೆ ಜಾರೇ ಕ್ಯಾ?" ಎಂದು, ಆಸ್ಪತ್ರೆಗೆ ಒಯ್ಯುತ್ತಿದ್ದಾರೆಂದೇ ತಿಳಿದು ಕೇಳಿದ.

"ಬಾಡಿಯೊಳಗ ಕಂಪನ ಐತಿ. ಬಿಚ್ಚಬೇಕು," ಎಂದರು ವಾಸುದೇವ, ಹೊಟ್ಟೆ ಸವರಿಕೊಳ್ಳುತ್ತ.

ಬಿಚ್ಚುವುದೆಂದರೆ ಇಬ್ಬರಿಗೂ ಹಬ್ಬ. ಮೇಲಿನ ಕ್ಯಾನ್ವಾಸಿನ ಹುಡ್ಡು, ಬಾಗಿಲು, ಬಾನೆಟ್ಟಿನ ಕೊಂಡಿ, ಸ್ಟೆಪ್ನಿ ಗಾಲಿ, ಕನ್ನಡಿ ಎಲ್ಲ ಇಳಿದು ಸೂರಜ್‌ನ ಕಾರಿನ ಸುತ್ತ ಹರಡಿಕೊಂಡವು. ಕೊನೆಗೆ ಹಿಂದಿನ ಸೀಟಿನ ಹಲಗೆ ಎತ್ತಿದರೆ ಕೆಳಗೆ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಗೆ ತಂತಿ, ತಂತಿಗೆ ಅರಗಿನ ಸೀಲು, ಜೊತೆಗೊಂದು ಚೀಟಿ. ಮೌನಪ್ಪ ಕೈ ಹಿಂದೆ ತೆಗೆದರು.

"ಸೀಲ್ ಐತಲ್ರಿ ಇದಕ್ಕ?"

"ನಾನೇ ಮಾಡೀನಿ. ಗಾಡಿ ತಂದ ದಿನ. ತಪಾಸಣಿ ಆಗೇತಿ," ಎಂದರು ಭೀಮಾಶಂಕರ ಹೆಮ್ಮೆಯಿಂದ.

"ಸಹಿ ಆಗೇತೇನು?" ಎಂದು ವಾಸುದೇವ ಬಗ್ಗಿ ನೋಡಿದರು. ಸಹಿ ಇತ್ತು. ತಾರೀಖೂ ಇತ್ತು. ಮೂರು ಸರಕಾರಿ ಕಾರ್ಖಾನೆ-ಕಚೇರಿಗಳ ಒಟ್ಟು ಎಂಬತ್ತು ವರ್ಷದ ಅನುಭವ ಆ ಪೆಟ್ಟಿಗೆಯ ಮುಂದೆ ತಲೆಬಾಗಿತು. ಸಹಿ ಬಿದ್ದ ಸೀಲನ್ನು ಒಡೆಯುವುದು ಆ ಮೂವರ ಜಾತಕದಲ್ಲೇ ಇರಲಿಲ್ಲ. ಹಲಗೆಯನ್ನು ಗೌರವದಿಂದ ಮತ್ತೆ ಮುಚ್ಚಿದರು.

ಹನ್ನೆರಡಕ್ಕೆ ಸೂರಜ್ ಕಣ್ಣುಜ್ಜುತ್ತ ಇಳಿದು ಬಂದ. "ಅಂಕಲ್, ಕಾರು ತೆಗೀಬೇಕಿತ್ತು," ಎಂದು ಶುರುಮಾಡಿದವನು ಕತೆ ಕೇಳಿ ಅಲ್ಲೇ ನಿಂತ. "ನಮ್ಮಲ್ಲಿ ಆದ್ರೆ ಮೊದಲು ರಿಪ್ರೊಡ್ಯೂಸ್ ಮಾಡ್ತೀವಿ, ತೊಂದರೆ ಮತ್ತೆ ಬರುತ್ತಾ ನೋಡ್ತೀವಿ. ಎಲ್ಲರೂ ಕೂತು ಒಂದು ರೌಂಡ್ ಹೋಗೋಣ. ಸೌಂಡ್ ಬಂದ್ರೆ ಇಶ್ಯೂ ಇದೆ. ಬರದಿದ್ರೆ ಕ್ಲೋಸ್."

ಅಧ್ಯಕ್ಷರಿಗೆ ಇದು ಹಿಡಿಸಿತು. ಸೂರಜ್ ಸೇರಿ ಮೂವರೂ ಹಿಂದಿನ ಸೀಟಿನಲ್ಲಿ ಸಾಲಾಗಿ ಕೂತರು, ಭೀಮಾಶಂಕರ ಓಡಿಸಿದರು. ಉಬ್ಬು, ತಗ್ಗು, ಚರಂಡಿಯ ಕಲ್ಲು ಎಲ್ಲದರ ಮೇಲೂ ಹತ್ತಿಸಿದರು. ಜೀಪು ಉಸಿರೆತ್ತಲಿಲ್ಲ. ಚಹಾದಂಗಡಿಯ ಮುಂದೆ ಮೂವರನ್ನು ಇಳಿಸಿ, ಗಾಡಿ ತಿರುಗಿಸಲು ಭೀಮಾಶಂಕರ ಹತ್ತು ಮಾರು ಮುಂದೆ ಹೋದರೋ ಇಲ್ಲವೋ, ಕಟಕ್-ಛಿಣ್!

"ಬಂತು, ಬಂತು!" ಎಂದು ಕೂಗಿದರು. ಮೂವರೂ ಚಹಾ ಬಿಟ್ಟು ಓಡಿಬಂದು ಹತ್ತಿದರು. ಮತ್ತೆ ಮೌನ. ಇಳಿದರು, ಸದ್ದು. ಹತ್ತಿದರು, ಮೌನ. ನಾಲ್ಕನೆಯ ಸಲ ಹತ್ತಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅನಂತರ ಭೀಮಾಶಂಕರರನ್ನು ನೋಡಿದರು. ಹಿಂದಿನ ಮೆಕ್ಯಾನಿಕ್‌ಗಳು ನೋಡಿದ್ದೂ ಹೀಗೆಯೇ ಎಂದು ಭೀಮಾಶಂಕರರಿಗೆ ನೆನಪಾಯಿತು.

ಮೂರೂವರೆಗೆ ವರದಿ ತಯಾರಾಯಿತು. ವಾಹನ ಸಂಪೂರ್ಣ ನಿರ್ದೋಷಿ. ಸದ್ದು ಮಾಲೀಕರಿಗೆ ಮಾತ್ರ ಕೇಳಿಸುತ್ತಿರುವುದರಿಂದ ಮಾಲೀಕರ ಕಿವಿಗಳನ್ನು ತಜ್ಞ ವೈದ್ಯರಿಗೆ ತೋರಿಸತಕ್ಕದ್ದು. ಮೂವರ ಸಹಿ.

"ನನಗೂ ಕೇಳಸ್ತೈತಿ!" ಎಂದು ಸುಮಂಗಲಾ ಬಾಗಿಲಲ್ಲಿ ನಿಂತು ಹೇಳಿದಳು. ಆಕೆ ಕಮಿಟಿಯಲ್ಲಿರಲಿಲ್ಲವಾದ್ದರಿಂದ ಅದನ್ನು ಬರೆದುಕೊಳ್ಳಲಿಲ್ಲ.

ಬಿಚ್ಚಿದ್ದನ್ನು ಜೋಡಿಸುವುದು ಕಮಿಟಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಐದಕ್ಕೆ ಭೀಮಾಶಂಕರ ಹೊರಟಾಗ ಜೀಪಿಗೆ ಹುಡ್ಡಿಲ್ಲ, ಬಾಗಿಲಿಲ್ಲ, ಒಂದು ಕಣ್ಣಿಲ್ಲ. ಬಾನೆಟ್ಟನ್ನು ಬಟ್ಟೆ ಒಣಗಿಸುವ ನೈಲಾನ್ ಹಗ್ಗದಿಂದ ಕಟ್ಟಲಾಗಿತ್ತು. ಮಿಕ್ಕ ಒಂಬತ್ತು ನಟ್ಟುಗಳು ಅಂಗಿಯ ಜೇಬಿನಲ್ಲಿದ್ದವು, ಒಂಬತ್ತರ ಮೇಲೂ ಕೆಂಪು ಬಣ್ಣದ ತಪಾಸಣೆಯ ಚುಕ್ಕೆ. ಅವರಿಗೆ ನಿಜಕ್ಕೂ ಅಳು ಬಂದಿತ್ತು. ಬದುಕಿನಲ್ಲಿ ತಾನಾಗಿ ಇಷ್ಟಪಟ್ಟು ತಂದ ಒಂದೇ ವಸ್ತು ಅದು.

ಮಲ್ಕಾಜ್‌ಗಿರಿಯಲ್ಲಿ ಅತ್ತೆ ಗಿರಿಜಾಬಾಯಿ ಗಾಡಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಮುಂದಿನ ಸೀಟಿನಲ್ಲಿ ಕೂತು, ಗಂಟನ್ನು ಕಾಲ ಬಳಿ ಇಟ್ಟುಕೊಂಡರು. ಹಿಂದಿನ ಸೀಟು ಖಾಲಿ.

"ಹಿಂದ ಕುಂದರ್ರಿ ಅತ್ತಿಯವರ, ಗಾಳಿ ಛಲೋ ಬರ್ತೈತಿ," ಎಂದು ಭೀಮಾಶಂಕರ ಬೇಡಿಕೊಂಡರು. ಹಿಂದೆ ಯಾರಾದರೂ ಕೂತರೆ ಸದ್ದು ಬರುವುದಿಲ್ಲ ಎನ್ನುವಷ್ಟು ಅವರಿಗೆ ಈಗ ಹೊಳೆದಿತ್ತು. ಯಾಕೆಂದು ಹೊಳೆದಿರಲಿಲ್ಲ.

"ಗಾಳಿ ಇಲ್ಲೂ ಐತಿ. ಬಾಗಲಾನ ಇಲ್ಲಲ್ಲ," ಎಂದರು ಗಿರಿಜಾಬಾಯಿ.

ರೈಲ್ವೆ ಗೇಟಿನ ಹಳಿಗಳ ಮೇಲೆ ಗಾಡಿ ಹತ್ತಿತು. ಕಟಕ್-ಛಿಣ್. ಭೀಮಾಶಂಕರ ಕಣ್ಣು ಮುಚ್ಚಿದರು. ಇನ್ನೊಂದು ಹಳಿ. ಕಟಕ್-ಛಿಣ್.

"ಗಾಡಿ ನಿಂದರಸ್ರಿ, ಅಳಿಯಂದಿರ."

ಗೇಟು ದಾಟಿ ನಿಲ್ಲಿಸಿದರು. ಗಿರಿಜಾಬಾಯಿ ಇಳಿದು ನೇರ ಹಿಂದಕ್ಕೆ ಹೋಗಿ ಸೀಟಿನ ಹಲಗೆ ಎತ್ತಿದರು. ಸುತ್ತಿಗೆ ಬೇಕಾಗಲಿಲ್ಲ, ಸ್ಟೆತಸ್ಕೋಪೂ ಬೇಕಾಗಲಿಲ್ಲ.

"ಇದನ್ನ ತಗೀರಿ."

"ಸೀಲ್ ಆಗೇತ್ರಿ. ತಗ್ಯಾಕ ಬರಂಗಿಲ್ಲ."

"ಯಾರ ಸಹಿ?"

"ನಂದ..."

ಗಿರಿಜಾಬಾಯಿ ಬೀಗದ ಕೈ ಗೊಂಚಲಿನ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ ಒಂದೇ ಸಲ ಜಗ್ಗಿದರು. ಇಪ್ಪತ್ತಾರು ವರ್ಷದ ನಂಬಿಕೆ ಪಟ್ಟನೆ ಹರಿಯಿತು. ಪೆಟ್ಟಿಗೆಯೊಳಗೆ, ಹಿಡಿಕೆಯ ತುದಿಗೆ ಒಂದೇ ಒಂದು ಗೆಜ್ಜೆ ಉಳಿದಿದ್ದ ಹಿತ್ತಾಳೆಯ ಅಡಕೊತ್ತು ಅಂಗಾತ ಮಲಗಿತ್ತು. ಸೀಟಿನಲ್ಲಿ ಯಾರಾದರೂ ಕೂತರೆ ಹಲಗೆ ಬಾಗಿ, ಪೆಟ್ಟಿಗೆಯ ತೆಳ್ಳನೆಯ ಮುಚ್ಚಳವನ್ನೂ ಅದರ ಕೆಳಗಿನ ಅಡಕೊತ್ತನ್ನೂ ಅದುಮಿ ಹಿಡಿಯುತ್ತಿತ್ತು.

"ಗಾಡಿ ಪೂಜಾ ದಿನ ಇಲ್ಲೇ ಕುಂತು ತಾಂಬೂಲಕ್ಕ ಅಡಕಿ ಕತ್ತರಿಸಿದ್ದೆ. ಇದರಾಗ ಇಟ್ಟು ಕೈ ತೊಳ್ಯಾಕ ಹ್ವಾದೆ." ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಪೂರ್ಣ ತಪಾಸಣೆ ಮಾಡಲಾಗಿದೆ. ಒಳಗೆ ಏನೂ ಇರುವುದಿಲ್ಲ."

ಭೀಮಾಶಂಕರ ಹಳಿಗಳ ಕಡೆ ನೋಡಿದರು. ರೈಲು ಬರುವ ಲಕ್ಷಣ ಇರಲಿಲ್ಲ.

ಗಿರಿಜಾಬಾಯಿ ಬೈಯಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆ ಚೀಲದಲ್ಲಿಟ್ಟು, ಮುಂದಿನ ಸೀಟಿಗೆ ಬಂದು ಕೂತರು. "ಗುಜರಿಯವನ ಸುದ್ದಿ ಫೋನಿನ್ಯಾಗ ಕೇಳೀನಿ, ಅವಗ ಬರಬ್ಯಾಡ ಅಂತ ಸುಮಂಗಲಾಗ ನಾ ಹೇಳ್ತೀನಿ. ಗಾಡಿ ಛಲೋ ಐತಿ, ನನಗ ಬೇಕು. ನನಗ ಅರಳುಮರಳು ಅಂತ ಎಷ್ಟು ಮನಿಗೆ ಹೇಳೀರಿ?"

ಭೀಮಾಶಂಕರ ಲೆಕ್ಕ ತಪ್ಪುವವರಲ್ಲ. "ನಲವತ್ತೊಂದು," ಎಂದರು.

"ನಲವತ್ತೊಂದೂ ಮನಿಗೆ ಹೋಗೂಣು. ಭಾನುವಾರಕ್ಕ ಎರಡು ಮನಿ. ಚೀಟಿ ನೀವ ಓದ್ರಿ, ಅಡಕೊತ್ತ ನಾ ತೋರಸ್ತೀನಿ."

ಮುಂದಿನ ಭಾನುವಾರ ಬೆಳಿಗ್ಗೆ ಜೀಪು ಮನೆಯ ಗೇಟು ದಾಟುವಾಗ ಸೂರಜ್ ಮಹಡಿಯಿಂದ ಬಗ್ಗಿ ಕೇಳಿದ: "ಅಂಕಲ್, ಸೌಂಡ್ ಸಿಕ್ತಾ?"

ಮುಂದಿನ ಸೀಟಿನಲ್ಲಿ ಗಿರಿಜಾಬಾಯಿ ಅಡಿಕೆಯೊಂದನ್ನು ಅಡಕೊತ್ತಿನ ಬಾಯಿಗಿಟ್ಟರು. ಕಟಕ್-ಛಿಣ್.

"ಸಿಕ್ತಪಾ," ಎಂದರು ಭೀಮಾಶಂಕರ, ಗಿಯರು ಬದಲಿಸುತ್ತ. "ಈಗ ಬಿಟ್ಟು ಬಿಟ್ಟು ಬರಂಗಿಲ್ಲ. ಗಣಪತಿ ಹಬ್ಬದತನಕ ಇಲ್ಲೇ ಇರ್ತೈತಂತ."