ಹಾಲು ಮೂಡಣಕ್ಕೆ ಉಕ್ಕಿದ ಮನೆ

ಅಂದು ನಾನು ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದೆ. ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ನಮ್ಮನೆಯವರು ಮಧ್ಯಾಹ್ನವೇ ಬಂದು, ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟರು.

"ಸಾವುಕಾರ್ರು ಮಾನ್ವಿ, ದೇವದುರ್ಗ ಎರಡೂ ಕಡಿ ಖರೀದಿ ಅಂಗಡಿ ತೆಗೀತಾರಂತ. ಯಾವ ಊರು ಬೇಕೋ ಆರಿಸ್ಕೋ, ಪಗಾರ ಅದೇ ಅಂದ್ರು."

ಜರಡಿ ಬದಿಗಿಟ್ಟೆ. ಯುದ್ಧದ ಕಾಲ. ರಾಯಚೂರಿನಲ್ಲಿ ಬಾಡಿಗೆ ಏರಿತ್ತು, ಕಟ್ಟಿಗೆ ಏರಿತ್ತು, ಎಣ್ಣೆ ಏರಿತ್ತು. ಏರದೆ ಇದ್ದದ್ದು ಪಗಾರವೊಂದೇ! ಅದಕ್ಕಿಂತ ದೊಡ್ಡ ಚಿಂತೆ ನಮ್ಮವರ ಉಸಿರಿನದು. ಹತ್ತಿಯ ಧೂಳು ಎದೆಯಲ್ಲಿ ಕೂತುಬಿಟ್ಟಿತ್ತು. ಗುಡ್ಡದ ಕೆಳಗಿನ ಬಾವಿಯಿಂದ ಎರಡು ಕೊಡ ನೀರು ತಂದರೆ ಹೊಸ್ತಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. "ನಾನೇ ತರ್ತೀನ್ರಿ" ಎಂದರೆ ಕೇಳುವ ಜಾತಿಯಲ್ಲ. ಹಾಗಾಗಿ ದಿನದ ಲಿಂಗಪೂಜೆಯಲ್ಲಿ ನನ್ನ ಬೇಡಿಕೆ ಒಂದೇ: ಶಿವನೇ, ಅಂಗಳದಲ್ಲಿ ಬಾವಿ ಇರುವ ಮನೆ ಕೊಡು.

"ಹೇಳು, ಯಾವ ಊರಿಗೆ ಹೋಗೂಣು?" ಎಂದರು.

"ನಾವ್ಯಾರ್ರೀ ಹೇಳಾಕ? ಹಾಲು ಹೇಳ್ತದ."

ನಮ್ಮ ತವರಿನ ಪದ್ಧತಿ ಅದು. ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕು. ಮೂಡಣಕ್ಕೆ ಚೆಲ್ಲಿದರೆ ಮಂಗಳ; ತೆಂಕಣಕ್ಕೆ ಚೆಲ್ಲಿದರೆ ಅದು ಯಮನ ದಿಕ್ಕು. ಲೋಕವೆಲ್ಲ ಮನೆ ಹಿಡಿದ ಮೇಲೆ ಹಾಲು ಉಕ್ಕಿಸುತ್ತದೆ. ನಾನು ಮಾತ್ರ ಮೊದಲು ಹಾಲು ಉಕ್ಕಿಸಿ ಆಮೇಲೆ ಮನೆ ಹಿಡಿಯುವ ಹೊಸ ಕಾಯಿದೆಯನ್ನು ಜಾರಿಗೆ ತಂದೆ!

ಮೊದಲು ಮಾನ್ವಿಗೆ ಹೊರಟೆವು. ಮಡಿಯಲ್ಲಿ ಹಾಲು ಕರೆಸಿ, ಚೆಂಬಿಗೆ ಅರಿವೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಮೋಟಾರು ಹತ್ತಿದೆ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಆ ಮೋಟಾರು ದಾರಿಯಲ್ಲಿ ಕೆಟ್ಟು ನಿಂತಿತು. ಬೇವಿನ ಮರದ ನೆರಳಲ್ಲೇ ನಿಂತಿತಲ್ಲ, ಅದೂ ಶಿವನ ಕೃಪೆ. ಮಾನ್ವಿ ಮುಟ್ಟಿ ಅರಿವೆ ಬಿಚ್ಚಿದರೆ ಹಾಲು ಮೊಸರಿನ ಹಾದಿ ಹಿಡಿದಿತ್ತು.

ಮನೆ ನೋಡಿದೆ. ಬಾಡಿಗೆ ರಾಯಚೂರಿನ ಅರ್ಧ. ಅಂಗಳದ ನಡುವೆ ಬಾವಿ! ಕೈಯಳತೆಗೆ ನೀರು, ಕಬ್ಬಿನ ಹಾಲಿನಂಥ ಸಿಹಿ. ನಮ್ಮವರು ಒಂದು ಕೊಡ ಸೇದಿ ನೋಡಿದರು. ಉಸಿರು ಏರಲೇ ಇಲ್ಲ. ಮಗ್ಗುಲ ಮನೆಯ ಮುದುಕಿ ಶಂಕ್ರಮ್ಮ ತನ್ನ ಎಮ್ಮೆಯ ಹಾಲನ್ನೇ ತಂದುಕೊಟ್ಟು, "ಬರ್ರಿ ಯವ್ವಾ, ನನಗೂ ಒಂದು ಜೊತಿ ಆಗ್ತದ" ಎಂದಳು.

ಅಲ್ಲಿಗೇ ಕೈ ಮುಗಿದು ಬಂದಿದ್ದರೆ ಸಾಕಿತ್ತು. ನಾನು ಅಂಗಳದಲ್ಲಿ ಸಿಕ್ಕ ಮೂರು ಕಲ್ಲು ಹೂಡಿ, ಪಾತ್ರೆ ಏರಿಸಿ, ಬೆಂಕಿ ಹಚ್ಚಿ, ಕಣ್ಣು ಮುಚ್ಚಿದೆ.

"ಏನಲೇ, ಆ ಕಲ್ಲು..." ಎಂದು ನಮ್ಮವರು ಬಾಯಿ ತೆರೆದರು.

"ದೇವರ ಕೆಲಸದಾಗ ಬಾಯಿ ಹಾಕಬ್ಯಾಡ್ರಿ!" ಎಂದು ಗದರಿಸಿದೆ.

ಹಾಲು ಉಕ್ಕಿತು. ಮೂಡಣದ ಕಡೆ ತಿರುಗಿಯೂ ನೋಡದೆ ತೆಂಕಣಕ್ಕೆ ಧುಮುಕಿತು.

"ಈ ಮನಿ ಬ್ಯಾಡ್ರಿ," ಎಂದೆ.

"ಬಾವಿ ಅದಲೇ..."

"ಯಮನ ದಿಕ್ಕು ಅದರೀ!"

ಅವರು ಬಾವಿಯನ್ನೊಮ್ಮೆ ನೋಡಿ, ಹಗ್ಗವನ್ನು ನೀಟಾಗಿ ಸುತ್ತಿಟ್ಟು, ನನ್ನ ಹಿಂದೆ ಬಂದರು.

ದೇವದುರ್ಗದ ಮನೆಯಲ್ಲಿ ಬಾವಿ ಇರಲಿಲ್ಲ. ಬಾವಿ ಊರ ತಗ್ಗಿನಲ್ಲಿ, ಮನೆ ಏರಿನ ಮೇಲೆ. ಆದರೆ ಒಲೆಯ ಮೇಲಿಟ್ಟ ಹಾಲು ಸೂರ್ಯನಾರಾಯಣನಿಗೆ ಸಾಷ್ಟಾಂಗ ಹಾಕುವಂತೆ ಮೂಡಣಕ್ಕೆ ಉಕ್ಕಿತು! ಖಾತ್ರಿಯಾಗಲೆಂದು ಇನ್ನಷ್ಟು ಹಾಲು ಕಾಸಿದೆ. ಮತ್ತೂ ಮೂಡಣ! ನನ್ನ ಕಣ್ಣಲ್ಲಿ ನೀರು ಬಂತು. ಮುಂಗಡ ಕೊಟ್ಟೇ ಎದ್ದೆವು.

ಗಾಡಿಯಲ್ಲಿ ಸಾಮಾನು ತಂದು ಇಳಿಸಿದ ದಿನವೇ ಆ ಮನೆ ತನ್ನ ಗುಣ ತೋರಿತು. ನಿಂಬೆಹಣ್ಣು ಇಟ್ಟರೆ ಮೂಡಣಕ್ಕೆ ಉರುಳಿತು. ಚೆಂಬು ಉರುಳಿತು. ಲಟ್ಟಣಿಗೆ ಉರುಳಿತು. ನಮ್ಮವರು ಪಡುವಣ ಗೋಡೆಗೆ ಹಾಸಿಗೆ ಹಾಸಿ ಮಲಗಿದವರು ಬೆಳಿಗ್ಗೆ ನಡುಮನೆಯಲ್ಲಿದ್ದರು! ಎದುರು ಮನೆಯ ಫಾತಿಮಾಬಿಗೆ ನಾನು ಹೆಮ್ಮೆಯಿಂದ ಹಾಲಿನ ಮಹಿಮೆ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಯ್ಯ ತಂಗಿ, ನಿಮಗ ಯಾರೂ ಹೇಳಲಿಲ್ಲೇನು? ಇದು ಮೊದ್ಲು ಎಮ್ಮಿ ಕೊಟ್ಟಿಗಿ ಇತ್ತು. ಉಚ್ಚಿ ಹರ್ದು ಹೋಗ್ಲಿ ಅಂತ ನೆಲಾನ ಮೂಡಲಕ್ಕ ಇಳಿಸ್ಯಾರ. ಹಾಲು ಬ್ಯಾರೆ ಎಲ್ಲಿ ಹೋಗ್ಬೇಕು?"

ನಮ್ಮವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬಾವಿಯ ಮನೆ ಇನ್ನೂ ಖಾಲಿ ಇದ್ದೀತೆಂದು ಮರುವಾರವೇ ಸಿರವಾರದ ಮೇಲೆ ಹಾಯ್ದು ಮಾನ್ವಿಗೆ ಓಡಿದೆ. ಆ ಬಾವಿಯ ಕಟ್ಟೆಯ ಮೇಲೆ ಯಾರದೋ ಹಸಿರು ಸೀರೆ ಒಣಗುತ್ತಿತ್ತು. ಆಗಲೇ ಬೇರೆ ಬಾಡಿಗೆಯವರು ಬಂದಿದ್ದರು. ಶಂಕ್ರಮ್ಮ ಕೈಹಿಡಿದು ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿದಳು.

"ಅವ್ವಾ, ನನ್ನ ಹಾಲು ಯಾಕ ತೆಂಕಲಕ್ಕ ಉಕ್ಕಿತು?"

"ನೀ ಹೂಡಿದ ಮೂರು ಕಲ್ಲಿನಾಗ ತೆಂಕಲ ಕಡೀದು ಗಿಡ್ಡ ಇತ್ತು, ಯವ್ವಾ. ಪಾತ್ರಿ ವಾಲಿತ್ತು."

"ಅವತ್ತ ಹೇಳಬಾರದಿತ್ತೇನು?"

"ಹ್ಯಾಂಗ ಹೇಳ್ಲಿ? ನಿನ್ನ ಗಂಡ ಹೇಳಾಕ ಹೋದ್ರ ದೇವರ ಕೆಲಸದಾಗ ಬಾಯಿ ಹಾಕಬ್ಯಾಡ್ರಿ ಅಂದಿ. ನಾನೂ ಬಾಯಿ ಮುಚ್ಚಿಕೊಂಡೆ."

ಬಾವಿ ಕೇಳಿದೆ, ಶಿವ ಬಾವಿ ತೋರಿಸಿದ. ಕೊಟ್ಟವನನ್ನೇ ಒಲೆ ಹೂಡಿ ಪರೀಕ್ಷಿಸಿದ ಹೆಂಗಸು ಎರಡೂ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು! ದೇವದುರ್ಗಕ್ಕೆ ತಿರುಗಿ ಬಂದಾಗ ಸಂಜೆಯಾಗಿತ್ತು. ನಮ್ಮವರು ಏರಿನ ಅರ್ಧದಲ್ಲಿ ಕೊಡ ಇಳಿಸಿ, ಎದೆ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡರು.

"ಹೋಗ್ಲಿ ಬಿಡಲೇ. ಇಲ್ಲಿ ಧೂಳರ ಇಲ್ಲ," ಎಂದರು.

ಬೈದಿದ್ದರೆ ಹಗುರಾಗುತ್ತಿತ್ತು.

ಧೂಳಿಲ್ಲ, ನಿಜ. ಬಾಡಿಗೆಯೂ ಕಡಿಮೆ. ಫಾತಿಮಾಬಿ ಒಳ್ಳೆಯವಳು. ನೆಲ ತೊಳೆದರೆ ನೀರು ತಾನೇ ಹೊರಗೆ ಹೋಗುತ್ತದೆ. ಇಷ್ಟನ್ನು ಶಿವನ ಮುಂದೆ ಎಣಿಸಿ ಒಪ್ಪಿಸಿದೆ. ಹೊಸದಾಗಿ ಏನನ್ನೂ ಬೇಡಲಿಲ್ಲ.

ಮರುದಿನ ಕೋಳಿ ಕೂಗುವ ಮೊದಲೇ ಎದ್ದೆ. ನಮ್ಮವರು ಏಳುವುದರೊಳಗೆ ಹಂಡೆ ತುಂಬಿಸಬೇಕು. ಖಾಲಿ ಕೊಡ ತಾನಾಗಿಯೇ ಉರುಳಿ ಮೂಡಣ ಗೋಡೆಗೆ ಆತುಕೊಂಡು ಕೂತಿತ್ತು. ಎತ್ತಿಕೊಂಡು ನೀರಿಗೆ ಹೊರಟೆ.