ಟಾಕಿ ಒಂದು, ಹೆಡರ್ ಎರಡು

ಗದಗಿನ ಕಾಲೇಜಿನ್ಯಾಗ ಸಿ ಪ್ರೋಗ್ರಾಮಿಂಗ್ ಲ್ಯಾಬ್ ನೋಡ್ಕೊಳ್ಳಾಂವ ನಾನು. ಕಂಪ್ಯೂಟರ್ ಕೆಟ್ರ ನನಗ ಗಾಬರಿ ಆಗೂದಿಲ್ಲ. ಅದರ ಮುಂದ ಕುಂತವರು "ಎಲ್ಲಾ ಬರೋಬ್ಬರಿ ಐತ್ರಿ ಸರ್" ಅಂದ್ರ ಎದಿ ಝಲ್ ಅಂತೈತಿ. ಈ ವರ್ಷಾನೂ ಹಂಗ ಆತು.

೧. ಖಾಲಿ ಟಾಕಿ

ಲಕ್ಷ್ಮೇಶ್ವರದ ಹುಡುಗಿ, ಮುಂಡರಗಿ ಹುಡುಗ, ಇಬ್ಬರೂ ಕೂಡಿ ಒಂದ ಪ್ರಾಜೆಕ್ಟ್: ನೀರಿನ ಟಾಕಿ ತುಂಬಿದ ಕೂಡಲೆ ಮೋಟರ್ ತಾನ ಬಂದ್ ಆಗಬೇಕು. ನಡೀಲಿಲ್ಲಂದ್ರ ಇಬ್ಬರಿಗೂ ವರ್ಷ ಹೋದಂಗ. ನೀರು ಅಳಿಯೂ ಫೈಲ್ ಅಕಿ, ಮೋಟರ್ ನಡಸೂ ಫೈಲ್ ಇಂವ, ತಂತಮ್ಮ ಊರಾಗ ಕುಂತು ಬರದಿದ್ರು.

ನಡಸಿದ್ರ, ಟಾಕಿ ಖಾಲಿ, ಮೋಟರ್ ಚಾಲೂನ ಆಗವಲ್ದು. ಫೈಲ್ ತಗದು ನೋಡಿ ದಂಗಾದೆ. ಟಾಕಿಯ ಸ್ಟ್ರಕ್ಚರ್, ಅಂದ್ರ ಯಾವ ಅಂಕಿ ಮೊದಲ ಯಾವುದು ಆಮ್ಯಾಲೆ ಅನ್ನೂ ಪಟ್ಟಿ, ಇಬ್ಬರೂ ಬ್ಯಾರೆಬ್ಯಾರೆ ಬರಕೊಂಡಿದ್ರು. ಅಕೀದ್ರಾಗ ಮೊದಲ ಈಗಿನ ನೀರು, ಆಮ್ಯಾಲೆ ತುಂಬೂ ಮಟ್ಟ. ಇವಂದ್ರಾಗ ಉಲ್ಟಾ. ಹಿಂಗಾಗಿ ಖಾಲಿ ಟಾಕಿ ಮೋಟರಿಗೆ ತುಂಬಿದಂಗ ಕಾಣತಿತ್ತು.

"ಇದೇನಲೇ?" ಅಂದೆ.

"ಕಂಪೈಲರ್ ಒಂದ ತಪ್ಪೂ ತೋರಿಸಿಲ್ರಿ ಸರ್, ನೀವ ಸಿಟ್ಟಿಗೇಳಾಕತ್ತೀರಿ," ಅಂದ ಹುಡುಗ.

೨. ನಡುವಿನ ಊರು

"ಟಾಕಿ ಅಂದ್ರ ಏನಂತ ಒಂದ ಕಡೆ ಬರೀರಿ. ಒಂದ ಹೆಡರ್ ಫೈಲ್. ಇಬ್ಬರೂ ಅದನ್ನ ಇನ್‌ಕ್ಲೂಡ್ ಮಾಡ್ರಿ," ಅಂತ ಗಂಟಲ ಹರಕೊಂಡೆ. ಮರುದಿನ ನೋಡಿದ್ರ ಹೆಡರ್ ಎರಡು. ಒಂದರ ಹೆಸರು ಲಕ್ಷ್ಮೇಶ್ವರ, ಇನ್ನೊಂದರದು ಮುಂಡರಗಿ. ಒಳಗ ಅದ ಉಲ್ಟಾ-ಸೀದಾ.

"ಅವನ ಹೆಡರ್ ನಾ ಯಾಕ ಹಾಕ್ಕೊಳ್ಲಿರಿ ಸರ್? ನನ್ನ ಕೇಳಿ ಬರದಾನೇನು?" ಅಂದ್ಲು ಹುಡುಗಿ.

ಕಡೀಕ ನಾನ ನಡುವ ಕುಂತು ಒಂದ ಹೆಡರ್ ಮಾಡಿಸಿದೆ. ಅದಕ್ಕ ಗದಗ ಅಂತ ಹೆಸರಿಡೂತನಕ ಇಬ್ಬರೂ ಒಪ್ಪಲಿಲ್ಲ.

೩. ಪರೀಕ್ಷಾ

ಹೊರಗಿಂದ ಪರೀಕ್ಷಕರು ಬಂದ್ರು. ಟೇಬಲ್ ಮ್ಯಾಲೆ ಸಣ್ಣ ಪ್ಲಾಸ್ಟಿಕ್ ಟಾಕಿ, ತಳದಾಗ ನಾಕು ಬೆರಳು ನೀರು. ಮೋಟರ್ ಚಾಲೂ ಆತು, ಟಾಕಿ ತುಂಬಿತು, ಮೋಟರ್ ನಿಂದರಲಿಲ್ಲ. ನೀರು ಟೇಬಲ್ ದಾಟಿ ಸೀದಾ ಪರೀಕ್ಷಕರ ಪ್ಯಾಂಟಿಗೆ ಇಳೀತು. ಇಬ್ಬರ ವರ್ಷ ಹೋತು ಅಂದ್ಕೊಂಡೆ.

ಹುಡುಗಿ ಓಡಿ ಪ್ಲಗ್ ಕಿತ್ತಳು. "ಮುಂಜಾನೆ ಹೆಡರ್‌ನ್ಯಾಗ ಮ್ಯಾಲೆ ಟಾಕಿ ನಂಬರ್ ಸೇರಿಸೀನ್ರಿ ಸರ್," ಅಂದ್ಲು.

"ಹೆಡರ್ ಬದಲಾದ ಮ್ಯಾಲೆ ನೀ ನಿನ್ನ ಫೈಲ್ ಮತ್ತ ಕಂಪೈಲ್ ಮಾಡೀಯೇನಲೇ?" ಅಂತ ಹುಡುಗನ್ನ ಕೇಳಿದೆ.

"ನನ್ನ ಫೈಲಿನ್ಯಾಗ ಏನೂ ಬದಲಾಗಿಲ್ಲಲ್ರಿ."

ಅವನ ಹಳೇ ಪ್ರೋಗ್ರಾಂ ಟಾಕಿ ನಂಬರ್ ಒಂದನ್ನ ಈಗಿನ ನೀರು ಅಂತ, ಖರೇ ನೀರನ್ನ ತುಂಬೂ ಮಟ್ಟ ಅಂತ ತಿಳಕೊಂಡು, ಟಾಕಿ ಇನ್ನೂ ಖಾಲಿ ಐತಿ ಅಂತ ನೀರು ಸುರುವಿತ್ತು. ಇಬ್ಬರೂ ಗಡಬಡಿಸಿ ಎರಡೂ ಫೈಲ್ ಕಂಪೈಲ್ ಮಾಡಿದ್ರು. ಈ ಸಲ ನೀರು ತುಂಬೂ ಗೆರಿಗೆ ಬಂದ ಕೂಡಲೆ ಮೋಟರ್ ಬರೋಬ್ಬರಿ ನಿಂತಿತು.

"ಇನ್ನೊಮ್ಮೆ ತೋರಸ್ಲೇನ್ರಿ ಸರ್?" ಅಂದ ಹುಡುಗ.

ಪರೀಕ್ಷಕರು ಪ್ಯಾಂಟ್ ಹಿಂಡಕೋತ ಜಲ್ದಿ ಜಲ್ದಿ ಸಹಿ ಹಾಕಿದ್ರು. "ಬ್ಯಾಡಪಾ, ಇಬ್ಬರೂ ಪಾಸ್. ನಾ ಒಂದ ಪ್ಯಾಂಟ್ ಮ್ಯಾಲೆ ಬಂದೀನಿ."