'ತೂಫಾನ್ ಕಾ ದಾಮಾದ್'ಗೆ ಎರಡೂವರೆ ನಕ್ಷತ್ರ

ಆ ಗುರುವಾರ ಚೌಬೆಜಿಗೆ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮುಂದೆ ಆದ ಅನಾಹುತಕ್ಕೆಲ್ಲ ಅದೊಂದೇ ಕಾರಣ.

ಮುಂಬಯಿಯ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂರುವುದೆಂದರೆ ಅಜ್ಜಿ ಹೇಳುವ ಕತೆಯ ಬಡವನ ಕೊರಳಿಗೆ ಪಟ್ಟದಾನೆ ಬಂದು ಮಾಲೆ ಹಾಕಿದ ಹಾಗೆ. ಗೋರೆಗಾಂವ್‌ನಲ್ಲಿ ಹತ್ತಿದ ಚೌಬೆಜಿ ಖಾರ್‌ನಲ್ಲಿ ಇಳಿಯಬೇಕಿತ್ತು. ಆದರೆ ಗಾಳಿ ಬೀಸಿತು, ಪಕ್ಕದವನ ಭುಜ ತಲೆದಿಂಬಿನಷ್ಟು ಮೆತ್ತಗಿತ್ತು. ಅವರು ಒಮ್ಮೆ ಕಣ್ಣು ಮುಚ್ಚಿದರು, ಅಷ್ಟೇ. ಬಿಟ್ಟು ನೋಡಿದರೆ ರೈಲು ಆ ತುದಿಯ ಚರ್ಚ್‌ಗೇಟ್ ಮುಟ್ಟಿ, ತಿರುಗಿ, ಈ ತುದಿಯ ವಿರಾರ್‌ಗೆ ಬಂದು ನಿಂತಿದೆ. ಕಸ ಗುಡಿಸುವವನು ಅವರ ಕಾಲುಗಳನ್ನು ಸಾಮಾನಿನ ಹಾಗೆ ಎತ್ತಿ ಅಡಿಯಲ್ಲಿ ಗುಡಿಸುತ್ತಿದ್ದಾನೆ.

ಬನವಾರಿ ಚೌಬೆ 'ಮಹಾಪ್ರಹರಿ' ಎಂಬ ಹಿಂದಿ ದಿನಪತ್ರಿಕೆಯ ಸಿನಿಮಾ ವಿಮರ್ಶಕರು. ಗುರುವಾರ ಪತ್ರಕರ್ತರಿಗೆ ತೋರಿಸುವ ಚಿತ್ರವನ್ನು ನೋಡಿ, ಸಂಜೆಯೊಳಗೆ ಬರೆದುಕೊಟ್ಟು, ಶುಕ್ರವಾರ ಬೆಳಿಗ್ಗೆ ಅಚ್ಚಾಗಿ ಬಂದದ್ದನ್ನು ತಾವೇ ಎರಡು ಸಲ ಓದಿ ಸಂತೋಷಪಡುವುದು ಅವರ ಬದುಕು. ಪ್ರೇಮಕತೆಯಿರಲಿ, ಪ್ರೇತಕತೆಯಿರಲಿ, ಅವರ ತೀರ್ಪು ಒಂದೇ: ಅಭಿನಯ ಗಟ್ಟಿ, ಕತೆ ದುರ್ಬಲ. ಇದು ಅಪಾಯವಿಲ್ಲದ ತೀರ್ಪು. ನಟರು ಸಂತೋಷಪಡುತ್ತಿದ್ದರು. ಕತೆಗಾರರು ಜಗಳಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಅಂಥ ಕತೆಯನ್ನು ಬರೆದದ್ದು ತಾನೇ ಎಂದು ಒಪ್ಪಿಕೊಂಡು ಯಾರಾದರೂ ಬಂದರೆ ತಾನೆ ಜಗಳ.

ಆದರೆ ಈಚೆಗೆ ಅವರ ಅಂಕಣದ ಮೇಲೆ ಒಬ್ಬರ ಕಣ್ಣು ಬಿದ್ದಿತ್ತು. ಅದೇ ಪತ್ರಿಕೆಯಲ್ಲಿ ವಾರಭವಿಷ್ಯ ಬರೆಯುವ ಆಚಾರ್ಯ ಭೃಗುನಂದನರು. ಹೋದ ತಿಂಗಳು ಚೌಬೆಜಿ ಒಂದು ಚಿತ್ರವನ್ನು ತಪ್ಪಿಸಿಕೊಂಡಾಗ ಆಚಾರ್ಯರು ಸಂಪಾದಕ ಭಟ್ನಾಗರರ ಎದುರು ಕುಳಿತು, ನಕ್ಷತ್ರ ಹಂಚುವುದು ನನ್ನ ಕುಲಕಸುಬು, ನಾನಾದರೆ ಚಿತ್ರ ನೋಡುವ ಅಗತ್ಯವೂ ಇಲ್ಲ, ರೈಲು ಟಿಕೆಟ್ಟಿನ ಖರ್ಚೂ ಇಲ್ಲ ಎಂದಿದ್ದರು. ಮಾತು ಭಟ್ನಾಗರರ ಮನಸ್ಸಿಗೆ ಹಿಡಿಸಿತ್ತು. "ಇನ್ನೊಂದು ಸಲ ತಪ್ಪಿದ್ರೆ ಅಂಕಣ ಅವರಿಗೇ ಚೌಬೆಜಿ," ಎಂದು ನಗುತ್ತಲೇ ಹೇಳಿದ್ದರು. ಭಟ್ನಾಗರರು ನಗುತ್ತ ಹೇಳಿದ್ದು ಯಾವತ್ತೂ ಸುಳ್ಳಾದದ್ದಿಲ್ಲ.

ಚೌಬೆಜಿ ಬೆವರಿನಲ್ಲಿ ಮಿಂದು ಖಾರ್‌ನ ಪುಟ್ಟ ಥಿಯೇಟರಿಗೆ ಬಂದಾಗ ಬಾಗಿಲಿಗೆ ಬೀಗ. ಕಾವಲುಗಾರ ತಂಬಾಕು ತಿಕ್ಕುತ್ತ ಕೂತಿದ್ದ. ಪತ್ರಿಕೆಯವರೆಲ್ಲ ಎಲ್ಲಿ ಎಂದು ಕೇಳಿದರು. "ಎಲ್ಲಾರೂ ಬಂದ್ರು, ಎಲ್ಲಾರೂ ಹೋದ್ರು. ನೀವೊಬ್ರೇ ಉಳಿದಿದ್ರಿ, ನೀವೂ ಈಗ ಬಂದಾಯ್ತು," ಎಂದು ಅವನು ತಂಬಾಕನ್ನು ಬಾಯಿಗಿಟ್ಟುಕೊಂಡ. ಬಾಯಿ ತುಂಬಿದ ಮೇಲೆ ಅವನಿಂದ ಇನ್ನೊಂದು ಮಾತು ಹೊರಡುವ ಹಾಗಿರಲಿಲ್ಲ.

ಬೇರೆ ವಿಮರ್ಶಕರನ್ನು ಕತೆ ಕೇಳುವಂತಿಲ್ಲ. ಕೇಳಿದ ಮಾತು ಕೇಳಿದವರಿಗಿಂತ ಮೊದಲು ಭಟ್ನಾಗರರ ಮೇಜು ತಲುಪುತ್ತದೆ. ಚೌಬೆಜಿ ಕಾಲೆಳೆಯುತ್ತ ಗೋರೆಗಾಂವ್‌ನಲ್ಲಿ ತಾವಿದ್ದ ಚಾಳು ಎಂಬ ವಠಾರಕ್ಕೆ ಮರಳಿದರು. ಮೊದಲ ಮಹಡಿಯ ಉದ್ದ ಪಡಸಾಲೆಯಲ್ಲಿ ರಾತ್ರಿಯ ಶೂಟಿಂಗ್ ಮುಗಿಸಿ ಆಗಷ್ಟೇ ಎದ್ದು, ಕುಕ್ಕರುಗಾಲಲ್ಲಿ ಕೂತು ಹಲ್ಲುಜ್ಜುತ್ತಿದ್ದ ಘೋರ್ಪಡೆಯನ್ನು ಕಂಡ ಕೂಡಲೇ ಅವರ ತಲೆಯಲ್ಲಿ ದೀಪ ಹತ್ತಿತು.

ಆ ಚಾಳಿನಲ್ಲಿ ಎಲ್ಲರೂ ಸಿನಿಮಾದವರೇ, ಆದರೆ ಯಾರನ್ನೂ ಯಾರೂ ತೆರೆಯ ಮೇಲೆ ಗುರುತಿಸಿದ್ದಿಲ್ಲ. ಘೋರ್ಪಡೆ ಹೆಣದ ಪಾತ್ರಕ್ಕೆ ಹೆಸರಾದವನು. ಉಸಿರು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ನಿಜವಾದ ಹೆಣಗಳಲ್ಲೂ ಕಡಿಮೆ. ಪಕ್ಕದ ಮನೆಯ ಜುಬೇದಾ ಆಪಾ ನಾಯಕಿಯರ ಪರವಾಗಿ ಕಿರುಚುವವರು. ಇಡೀ ಚಾಳಿಗೆ ಇದ್ದ ಒಂದೇ ಫೋನು ಅವರ ಮನೆಯಲ್ಲಿತ್ತು. ಮೂಲೆಯ ಮನೆಯ ಸಿಲ್ವಿಯಾ ಹಾಡುಗಳಲ್ಲಿ ಮೂರನೇ ಸಾಲಿನಲ್ಲಿ ಕುಣಿಯುತ್ತಿದ್ದಳು. ಮೂವರೂ ಆ ದಿನದ 'ತೂಫಾನ್ ಕಾ ದಾಮಾದ್', ಅಂದರೆ ಬಿರುಗಾಳಿಯ ಅಳಿಯ, ಚಿತ್ರದಲ್ಲಿದ್ದರು.

ಕತೆ ಏನು ಎಂದು ಚೌಬೆಜಿ ಮೆಲ್ಲಗೆ ಕೇಳಿದರು.

"ಇಡೀ ಪಿಕ್ಚರು ನನ್ನ ಮೇಲೇ ನಿಂತಿರೋದು," ಎಂದ ಘೋರ್ಪಡೆ ಬಾಯಿ ಮುಕ್ಕಳಿಸಿ. "ಅಂದ್ರೆ, ಮಲಗಿರೋದು. ನಾನು ಹೀರೋಯಿನ್ನಿನ ಅಪ್ಪ. ಆಕೆ ನನ್ನ ಎದೆ ಮೇಲೆ ಬಿದ್ದು, ಅಪ್ಪಾಜಿ ವಾಪಸ್ ಬರ್ತೀನಿ ಅಂದಿದ್ರಲ್ಲ ಅಂತ ಅತ್ತಳು. ಆಮೇಲೆ ಯಾರೋ ಕಿರ್ ಕಿರ್ ಅನ್ನೋ ಬೂಟು ಹಾಕ್ಕೊಂಡು ಬಂದು ನನ್ನ ಪಕ್ಕೆಗೆ ಒದ್ದ."

"ಯಾರು ಒದ್ದದ್ದು?"

"ನಾನು ಕಣ್ಣು ಬಿಟ್ಟು ನೋಡೋಕಾಗತ್ತಾ ಚೌಬೆಜಿ? ಕಸುಬು ಅಂತ ಒಂದಿಲ್ವಾ?"

ಅಷ್ಟರಲ್ಲಿ ಜುಬೇದಾ ಆಪಾ ಅಕ್ಕಿ ಆರಿಸುತ್ತಿದ್ದ ಮೊರವನ್ನು ಹಿಡಿದುಕೊಂಡೇ ಹೊರಗೆ ಬಂದರು. ಅವರ ಪ್ರಕಾರ ಅದು ಹಾವಿನ ಚಿತ್ರ. ದನಿ ಕೊಡುವ ಕತ್ತಲೆ ಕೋಣೆಯಲ್ಲಿ ಅವರಿಗೆ ತೋರಿಸಿದ್ದು ನಾಯಕಿಯ ತೆರೆದ ಬಾಯಿ ಮಾತ್ರ. ಆದರೆ ಒಂದು ಕಿರುಚನ್ನು ಹಾವು ಕಂಡಾಗಿನದು ಎಂದು ಹೇಳಿಯೇ ಅವರಿಂದ ತೆಗೆದುಕೊಂಡಿದ್ದರು. ಹಾವಿನ ಕಿರುಚಿಗೆ ಕೊನೆಯಲ್ಲಿ ಸ್ವಲ್ಪ ಸುರುಳಿ ಇರಬೇಕು ಎಂದು ಆಪಾ ಅದನ್ನು ಮಾಡಿಯೂ ತೋರಿಸಿದರು. ಕೆಳಗಿನ ಮನೆಯಲ್ಲಿ ಯಾರದೋ ಕೈಯಿಂದ ಪಾತ್ರೆ ಬಿತ್ತು.

ಶಬ್ದಕ್ಕೆ ಬಂದ ಸಿಲ್ವಿಯಾ ಎಲ್ಲವನ್ನೂ ತಳ್ಳಿಹಾಕಿದಳು. ಅದು ಮದುವೆಯ ಚಿತ್ರ. ಮದುಮಗ ಬೆಂಕಿ ಆರಿಸುವ ಲಾರಿಯ ಮೇಲೆ ಮೆರವಣಿಗೆ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮುಂದಿನ ಸಾಲಿನವಳ ಬೆನ್ನು ಅಡ್ಡ ಬಂದದ್ದರಿಂದ ಮದುಮಗನ ಮುಖ ಮಾತ್ರ ಕಂಡಿರಲಿಲ್ಲ.

"ನಾನು ಸತ್ತಿರೋ ಮನೇಲಿ ಮದುವೆ ಹೇಗೆ ಮಾಡ್ತಾರೆ? ಸೂತಕ ಅಂತ ಇಲ್ವಾ?" ಘೋರ್ಪಡೆಗೆ ನಿಜವಾಗಿಯೂ ನೋವಾಯಿತು.

ನೀನು ಸತ್ತು ವರ್ಷವಾಗಿರಬೇಕು ಎಂದಳು ಸಿಲ್ವಿಯಾ. ವರ್ಷವಾಗಿದ್ದರೆ ನನ್ನ ಎದೆಯ ಮೇಲೆ ಯಾಕೆ ಬಿದ್ದು ಅಳುತ್ತಾಳೆ ಎಂದ ಅವನು. ಹಾವು ಮಧ್ಯದಲ್ಲಿ ಏನು ಮಾಡುತ್ತಿತ್ತು ಎಂದು ಆಪಾ ಇಬ್ಬರನ್ನೂ ಕೇಳಿದರು. ಜಗಳ ಎಷ್ಟು ಬೆಳೆಯಿತೆಂದರೆ ಘೋರ್ಪಡೆ ಪಡಸಾಲೆಯಲ್ಲೇ ಉದ್ದಕ್ಕೆ ಮಲಗಿ ಸತ್ತು ತೋರಿಸಿದ. ನೀರು ತರುತ್ತಿದ್ದ ಇಬ್ಬರು ಹೆಂಗಸರು ಅವನನ್ನು ದಾಟಿಕೊಂಡು ಹೋದರು. ಚಾಳಿನಲ್ಲಿ ಅದು ಹೊಸದಲ್ಲ.

ಗಡಿಯಾರ ಓಡುತ್ತಿತ್ತು. ಚೌಬೆಜಿ ತಲೆ ಹಿಡಿದು ಕೂತರು. ಕೂತಲ್ಲೇ ಅವರಿಗೆ ಕಿರ್ ಕಿರ್ ಬೂಟಿನ ಸದ್ದು ಕೇಳಿಸತೊಡಗಿತು. ಬೂಟಿನವನು ಬೆಂಕಿ ಲಾರಿ ಹತ್ತಿದ. ಲಾರಿಯ ನೀರಿನ ಕೊಳವೆ ಮೆಲ್ಲಗೆ ಅಲುಗಿತು. ಅದು ಕೊಳವೆಯಲ್ಲ.

"ಅಪ್ಪ ವಾಪಸ್ ಬರ್ತಾನೆ," ಎಂದರು ಚೌಬೆಜಿ. "ಹಾವಾಗಿ. ಅಪ್ಪನ್ನ ಕೊಂದೋನೇ ಮದುಮಗ. ಲಾರಿ ಮೇಲೆ ಸುತ್ತಿಟ್ಟ ಕೊಳವೆ ಒಳಗೆ ಅಪ್ಪ ಸುತ್ಕೊಂಡು ಕೂತಿರ್ತಾನೆ. ಮಂಟಪಕ್ಕೆ ಬೆಂಕಿ ಹೊತ್ಕೊಳ್ಳತ್ತೆ, ಮದುಮಗ ಕೊಳವೆ ಅಂತ ಅಪ್ಪನ್ನೇ ಹಿಡ್ಕೊತಾನೆ."

ಹೆಣವಾಗಿ ಮಲಗಿದ್ದ ಘೋರ್ಪಡೆಯ ಕಣ್ಣಂಚಿನಿಂದ ನೀರು ಇಳಿಯಿತು. ಮಗಳಿಗಾಗಿ ಅಷ್ಟು ದೂರ ಬಂದ ಹಾವನ್ನು ನೆನೆದು ಆಪಾ ಕೂಡ ಮೊರ ಕೆಳಗಿಟ್ಟು ಕಣ್ಣೊರೆಸಿಕೊಂಡರು.

ಬರೆಯಲು ಕೂತರೆ ಮೂವರೂ ಭುಜದ ಮೇಲೆ ಬಗ್ಗಿದರು. ತಮ್ಮ ಹೆಸರು ಬರಬೇಕು, ಇಲ್ಲವಾದರೆ ಫೋನು ಇಲ್ಲೇ ಇದೆ, ಸಂಪಾದಕರ ನಂಬರು ಗೋಡೆಯ ಮೇಲೆ ಬರೆದಿದೆ ಎಂದು ಆಪಾ ಪ್ರೀತಿಯಿಂದಲೇ ತಿಳಿಸಿದರು. ಹೀಗಾಗಿ, ಅಪ್ಪ ಹಾವಾದ ಕತೆಯನ್ನೆಲ್ಲ ಬರೆದ ಮೇಲೆ, ನಾಯಕನಿಗೆ ಅರ್ಧ ಸಾಲು ಉಳಿಯಿತು. ಉಳಿದದ್ದರಲ್ಲಿ, ಮಾರುತಿ ಘೋರ್ಪಡೆ ಹೆಣದ ಪಾತ್ರಕ್ಕೆ ಜೀವ ತುಂಬಿದ್ದಾರೆ, ಜುಬೇದಾ ಅವರ ಕಿರುಚು ನೋಡುಗರ ಬೆನ್ನುಮೂಳೆಯನ್ನು ನೆಟ್ಟಗೆ ಮಾಡುತ್ತದೆ, ಮೂರನೇ ಸಾಲಿನ ಸಿಲ್ವಿಯಾ ಮೊದಲ ಸಾಲನ್ನು ಮರೆಸುತ್ತಾರೆ ಎಂದೆಲ್ಲ ಬಂತು. ಕೊನೆಯ ಸಾಲನ್ನು ಚೌಬೆಜಿ ಬರೆಯಲಿಲ್ಲ, ಅವರ ಕೈಯೇ ಬರೆಯಿತು: ಅಭಿನಯ ಗಟ್ಟಿ, ಕತೆ ದುರ್ಬಲ. ಎರಡೂವರೆ ನಕ್ಷತ್ರ.

ರೈಲಿನಲ್ಲಿ ಯಾರೋ ಪುಣ್ಯಾತ್ಮ ಸರಿದು ಕಿಟಕಿ ಪಕ್ಕ ಜಾಗ ಕೊಟ್ಟರೂ ಕೈಮುಗಿದು ಬೇಡವೆಂದು, ನಿಂತುಕೊಂಡೇ ಕಚೇರಿಗೆ ಹೋಗಿ, ಹೇಳಿದ ಹೊತ್ತಿಗಿಂತ ಮುಂಚೆಯೇ ಬರಹ ಕೊಟ್ಟು ಬಂದರು.

ಶುಕ್ರವಾರ ಬೆಳಿಗ್ಗೆ ಜುಬೇದಾ ಆಪಾ ಕಿರುಚಿದರು. ಈ ಸಲ ಯಾರ ಪರವಾಗಿಯೂ ಅಲ್ಲ. ಫೋನಿನಲ್ಲಿ ಭಟ್ನಾಗರರಿದ್ದರು.

"ಚೌಬೆಜಿ, ಒಂದು ಅನುಮಾನ," ಎಂದಿತು ನಗುವ ದನಿ. "ಬೇರೆ ಪೇಪರಿನವರೆಲ್ಲ 'ತೂಫಾನ್ ಕಾ ದಾಮಾದ್' ನಿಂತುಹೋಯ್ತು ಅಂತ ಬರೆದಿದ್ದಾರೆ. ಪಿಕ್ಚರು ಪೂರ್ತಿನೇ ಆಗಿಲ್ವಂತೆ. ನಿನ್ನೆ ವಿಮರ್ಶಕರೆಲ್ಲ ಬಂದು, ಶೋ ಇಲ್ಲ ಅಂತ ವಾಪಸ್ ಹೋದ್ರಂತೆ. ನೀವು ಎಲ್ಲಿ ನೋಡಿದ್ರಿ?"

ಎಲ್ಲರೂ ಬಂದರು, ಎಲ್ಲರೂ ಹೋದರು. ಕಾವಲುಗಾರನ ಮಾತಿನ ಅರ್ಥ ಚೌಬೆಜಿಗೆ ಆಗ ತಿಳಿಯಿತು. ಅವರ ಬಾಯಿ, ಆಪಾ ಕಂಡ ನಾಯಕಿಯ ಬಾಯಿಯ ಹಾಗೆ, ಶಬ್ದವಿಲ್ಲದೆ ತೆರೆದೇ ಇತ್ತು.

ಅದೇ ಹೊತ್ತಿಗೆ ಕೆಳಗೆ ಬಿಳಿ ಕಾರೊಂದು ಬಂದು ನಿಂತಿತು. ಇಳಿದವರು ಚಿತ್ರದ ನಿರ್ಮಾಪಕ ಹರಬಂಸ್ ಲಾಂಬಾ. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಲಾಂಬಾ ಸಿಟ್ಟು ಬಂದರೆ ಮಂಚವನ್ನೇ ಎತ್ತಿ ಎಸೆಯುತ್ತಾರೆಂದು ಘೋರ್ಪಡೆ ಪಿಸುಗುಟ್ಟಿ, ಮುಂಜಾಗ್ರತೆಗಾಗಿ ಸತ್ತ. ಚೌಬೆಜಿ ರಿಸೀವರನ್ನು ಫೋನಿಗಿಡದೆ ಹಾಗೇ ಕಪಾಟಿನ ಮೇಲಿಟ್ಟು ಹೊಸ್ತಿಲ ಬಳಿ ಬಂದು ನಿಂತರು.

ಮೆಟ್ಟಿಲು ಹತ್ತಿ ಬಂದ ಲಾಂಬಾ ಹೆಣವನ್ನು ದಾಟಿ ಚೌಬೆಜಿಯನ್ನು ಬಿಗಿದಪ್ಪಿಕೊಂಡು ಅತ್ತರು.

"ಸಾಹೇಬ್ರೇ, ಐದು ಜನ ಕತೆಗಾರರು ಬಂದು ಹೋದ್ರು. ಒಬ್ಬೊಬ್ಬರು ಒಂದೊಂದು ಸೀನ್ ಬರೆದ್ರು. ದುಡ್ಡು ಹಾಕಿರೋ ಸೇಠ್ ಮೊನ್ನೆ ಬಂದು, ಕತೆ ಏನು ಹೇಳಿ ಅಂದ. ನಂಗೆ ಗೊತ್ತಿದ್ರೆ ತಾನೆ? ಇದ್ದಷ್ಟನ್ನೇ ತೋರಿಸೋಣ ಅಂತ ಪೇಪರಿನವರನ್ನೆಲ್ಲ ಕರೆದಾಗಿತ್ತು, ಅವನು ಪಿಕ್ಚರೇ ನಿಲ್ಸಿಬಿಟ್ಟ. ಇವತ್ತು ಬೆಳಿಗ್ಗೆ ನಿಮ್ಮ ವಿಮರ್ಶೆ ಓದಿ ಅವನೇ ಫೋನ್ ಮಾಡಿದಾನೆ. ಅಪ್ಪ ಹಾವಾಗ್ತಾನೆ ಅಂತ ಮೊದಲೇ ಹೇಳ್ಬಾರ್ದಾಗಿತ್ತಾ ಲಾಂಬಾ, ಅಂತಾನೆ."

ಮಧ್ಯದ ಸೀನುಗಳನ್ನು ನಾಳೆಯಿಂದಲೇ ಚಿತ್ರೀಕರಿಸಿ, ವಿಮರ್ಶೆಯಲ್ಲಿ ಇರುವಂತೆಯೇ ಚಿತ್ರವನ್ನು ಬಿಡುಗಡೆ ಮಾಡುವುದಾಗಿ ಲಾಂಬಾ ಹೇಳಿದರು. ವಿಮರ್ಶೆಯಲ್ಲಿ ಹೆಸರಿದ್ದವರ ಪಾತ್ರಗಳೂ ದೊಡ್ಡವಾಗಬೇಕಂತೆ. ಇದನ್ನು ಕೇಳಿದ ಕೂಡಲೇ ಹೆಣ ಎದ್ದು ಕೂತಿತು.

ಚೌಬೆಜಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ರಿಸೀವರು ಎತ್ತಿದರು. "ಕೇಳಿಸ್ತಾ ಭಟ್ನಾಗರ್‌ಜಿ? ಪಿಕ್ಚರು ನಾನು ಬರೆದ ಹಾಗೇ ಬರತ್ತಂತೆ. ನನ್ನ ವಿಮರ್ಶೆ ಸುಳ್ಳಲ್ಲ, ಸ್ವಲ್ಪ ಬೇಗ ಬಂತು ಅಷ್ಟೇ."

"ಎಲ್ಲಾ ಕೇಳಿಸ್ಕೊಂಡೆ," ಎಂದರು ಭಟ್ನಾಗರ್, ನಗುತ್ತ. "ಅಂದ್ರೆ ಕತೆ ನಿಮ್ಮದು. ಕತೆ ಬರೆಯೋರೇ ವಿಮರ್ಶೆ ಬರೆದ್ರೆ ಜನ ಏನಂತಾರೆ? ಪತ್ರಿಕೆಗೆ ಒಂದು ಮರ್ಯಾದೆ ಅಂತಿದೆ. ಅಂಕಣ ಇವತ್ತಿನಿಂದ ಆಚಾರ್ಯರಿಗೆ. ನಿಮಗೆ ಅಭಿನಂದನೆ."

ಫೋನು ಇಟ್ಟ ಶಬ್ದ ಕೇಳಿತು. ಆದರೆ ಚೌಬೆಜಿಗೆ ಅಂದುಕೊಂಡಷ್ಟು ದುಃಖವಾಗಲಿಲ್ಲ. ಅಂಕಣ ಹೋದರೆ ಹೋಗಲಿ, ಅದಕ್ಕಿಂತ ದೊಡ್ಡದು ಸಿಕ್ಕಿತಲ್ಲ. ಕತ್ತಲಾದ ಥಿಯೇಟರು, ತೆರೆಯ ತುಂಬ ಅಕ್ಷರ. ಅವರು ಅಂಗಿಯ ಗುಂಡಿ ಸರಿಮಾಡಿಕೊಂಡು ಹೊರಗೆ ಬಂದು, ಕತೆ ಬನವಾರಿ ಚೌಬೆ ಎಂದು ಹೆಸರು ಹಾಕುವಾಗ ಅಕ್ಷರಗಳು ಯಾವ ಬಣ್ಣದಲ್ಲಿರುತ್ತವೆ ಎಂದು ನಾಚುತ್ತ ಕೇಳಿದರು.

ಲಾಂಬಾ ಬೆಚ್ಚಿಬಿದ್ದರು. ಸುರುಳಿ ಬಿಚ್ಚಿ, ಕೊನೆಯ ಸಾಲಿನ ಮೇಲೆ ಉಂಗುರದ ಬೆರಳಿಟ್ಟರು.

"ಇಲ್ಲಿ ನೋಡಿ ಸಾಹೇಬ್ರೇ. ಕತೆ ದುರ್ಬಲ. ನೀವೇ ಬರೆದಿರೋದು, ಕೆಳಗೆ ನಿಮ್ಮದೇ ಹೆಸರು. ಇಷ್ಟು ದೊಡ್ಡ ವಿಮರ್ಶಕರು ದುರ್ಬಲ ಅಂದ ಕತೆಗೆ ನಿಮ್ಮ ಹೆಸರೇ ಹಾಕಿ ನಿಮ್ಮ ಮಾನ ಕಳೀಲಾ? ನಾನು ಅಂಥ ಕೃತಘ್ನ ಅಲ್ಲ." ಅವರು ಎದೆ ಮುಟ್ಟಿಕೊಂಡರು. "ಕತೆ, ಹರಬಂಸ್ ಲಾಂಬಾ ಅಂತ ಹಾಕ್ಕೋತೀನಿ. ಆ ಕಳಂಕ ನನ್ನ ತಲೆ ಮೇಲೇ ಇರಲಿ."

ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಘೋರ್ಪಡೆ, ಸಿಲ್ವಿಯಾ, ಜುಬೇದಾ ಆಪಾ ಒತ್ತೊತ್ತಾಗಿ ಕೂತಿದ್ದರು. ಒಲೆಯ ಮೇಲಿರುವ ಹಾಲು ನೋಡಿಕೊಳ್ಳಿ, ಫೋನು ಬಂದರೆ ಎತ್ತಿ ಎಂದು ಆಪಾ ಕಿಟಕಿಯಿಂದ ಕೂಗಿ ಹೇಳಿದರು.

ಚೌಬೆಜಿ ಹಾಲಿನ ಮುಂದೆ ನಿಂತರು. ಫೋನು ಬಂತು. ಆಚಾರ್ಯ ಭೃಗುನಂದನರು. ದನಿಯಲ್ಲಿ ತುಂಬ ವಿನಯ. ಮಧ್ಯಾಹ್ನದೊಳಗೆ ಒಂದು ವಿಮರ್ಶೆ ಕೊಡಬೇಕಂತೆ, ನಕ್ಷತ್ರದ ಲೆಕ್ಕವೆಲ್ಲ ಆಗಿದೆಯಂತೆ, ಆದರೆ ಮೊದಲು ಅಭಿನಯದ ಬಗ್ಗೆ ಬರೆಯಬೇಕೋ, ಕತೆಯ ಬಗ್ಗೆಯೋ ಎಂಬುದೊಂದು ತಿಳಿಯುತ್ತಿಲ್ಲವಂತೆ.

ಚೌಬೆಜಿ ಒಲೆಯ ಉರಿ ಸಣ್ಣ ಮಾಡಿದರು.

"ಮೊದಲು ಅಭಿನಯ ಬರೀರಿ ಆಚಾರ್ಯರೇ," ಎಂದರು. "ಕತೆ ಕೊನೇಲಿರಲಿ. ಅಷ್ಟೊತ್ತಿಗೆ ಜಾಗ ಮುಗಿದುಹೋಗಿರತ್ತೆ."